ಬೇರೆಯವರ ಉಯಿಲಿನಲ್ಲಿ ಅಜ್ಜಿಯ ಹೆಸರು

ವರ್ಜೀನಿಯಾ ಬೀಚ್‌ನಿಂದ ಈಸ್ಟರ್ನ್ ಶೋರ್‌ಗೆ ಹೋಗಲು ಚೆಸಪೀಕ್ ಕೊಲ್ಲಿ ದಾಟಬೇಕು. ಸುಮಾರು 28 ಕಿಲೋಮೀಟರ್ ಸೇತುವೆ. ಹಡಗುಗಳಿಗೆ ದಾರಿ ಬಿಡಲು ನಡುವೆ ಎರಡು ಕಡೆ ರಸ್ತೆ ನೀರಿನಡಿಯ ಸುರಂಗಕ್ಕೆ ಇಳಿಯುತ್ತದೆ. ಎಲ್ಲರೂ ಹೊಗಳುತ್ತಾರೆ, ನನಗಂತೂ ಬೇಜಾರಾಯಿತು. ಎಲ್ಲಿ ನೋಡಿದರೂ ಬರೀ ಬೂದು ನೀರು. ಬಾಡಿಗೆ ಕಾರಿನಲ್ಲಿ ಹೋಗುವವರು ಟೋಲನ್ನು ಅಲ್ಲೇ ಕೈಯಾರೆ ಕಟ್ಟಿಬಿಡಿ. ನಮಗೆ ಕಾರು ಕೊಟ್ಟವರು ಆಮೇಲೆ ಟೋಲ್ ಜೊತೆ ದಿನದ ಲೆಕ್ಕದಲ್ಲಿ ಶುಲ್ಕ ಹಾಕಿದರು. ಕಾರು ಸುಮ್ನೆ ನಿಂತಿದ್ದ ದಿನಗಳಿಗೂ! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಅಮೆರಿಕಕ್ಕೆ ಬಂದು ಕೋರ್ಟಿನ ಕಡತ ನೋಡ್ತೀನಿ ಅಂತೀಯಲ್ಲ ಮಾರಾಯ" ಎಂದು ಭಾವ ದಾರಿಯುದ್ದಕ್ಕೂ ಗೊಣಗಿದರು.

ನಾವು ಹೊರಟಿದ್ದು ಈಸ್ಟ್‌ವಿಲ್‌ಗೆ. ನಾರ್ಥಾಂಪ್ಟನ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಪುಟ್ಟ ಊರು. 1632ರಿಂದ ಇವತ್ತಿನವರೆಗೆ ನಡುವೆ ಎಲ್ಲೂ ತಪ್ಪದ ಕೋರ್ಟ್ ದಾಖಲೆ ಇಲ್ಲಿದೆ. ದೇಶದಲ್ಲೇ ಇಷ್ಟು ಹಳೆಯದು ಬೇರೆಲ್ಲೂ ಇಲ್ಲ ಎನ್ನುತ್ತಾರೆ. ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ಕೌಂಟಿಗಳು ಜೋಪಾನವಾಗಿರಲಿ ಅಂತ ತಮ್ಮ ಪುಸ್ತಕಗಳನ್ನು ರಾಜಧಾನಿ ರಿಚ್‌ಮಂಡ್‌ಗೆ ಕಳಿಸಿದ್ದವು. 1865ರ ಬೆಂಕಿಯಲ್ಲಿ ಅವು ಬೂದಿಯಾದವು. ಇಲ್ಲಿಯವು ಉಳಿದವು.

ನಾನು ಬಂದಿದ್ದು ಆಂಟನಿ ಜಾನ್ಸನ್ ಕುಟುಂಬದ ಜಾಡು ಹಿಡಿದು. 1621ರಲ್ಲಿ ಆಂಟೋನಿಯೋ ಎಂಬ ಹೆಸರಲ್ಲಿ ವರ್ಜೀನಿಯಾಕ್ಕೆ ತಂದು ಇಳಿಸಿದ ಆಫ್ರಿಕನ್ ಆಳು ಅವನು. ಆಮೇಲೆ ಬಿಡುಗಡೆಯಾಗಿ, ಮೇರಿ ಎಂಬವಳ ಜೊತೆ ಸಂಸಾರ ಹೂಡಿ, 1651ಕ್ಕೆ 250 ಎಕರೆಯ ಒಡೆಯನಾದ. 1653ರಲ್ಲಿ ಬೆಂಕಿ ಬಿದ್ದು ನಷ್ಟವಾದಾಗ ಕೋರ್ಟು ಅವನ ಹೆಂಡತಿ, ಹೆಣ್ಣುಮಕ್ಕಳ ತೆರಿಗೆ ಮನ್ನಾ ಮಾಡಿತು. 1655ರಲ್ಲಿ ಜಾನ್ ಕೇಸರ್ ಎಂಬ ಇನ್ನೊಬ್ಬ ಆಫ್ರಿಕನ್ನನನ್ನು ಜೀವಮಾನದ ಆಳಾಗಿ ಇದೇ ಜಾನ್ಸನ್‌ಗೆ ಒಪ್ಪಿಸಿತು. ಇದನ್ನು ಓದುವಾಗ ಖುಷಿ ಪಡಬೇಕೋ ಬೇಡವೋ ತಿಳಿಯುವುದಿಲ್ಲ. ಜಾನ್ಸನ್ ಮೇರಿಲ್ಯಾಂಡ್‌ಗೆ ಹೋಗಿ ಸತ್ತ ಮೇಲೆ, 1670ರಲ್ಲಿ ವರ್ಜೀನಿಯಾದ ಜ್ಯೂರಿ ಅವನು ನೀಗ್ರೋ, ಹಾಗಾಗಿ ಪರದೇಶಿ ಎಂದು ತೀರ್ಮಾನಿಸಿತು. ಅಲ್ಲಿಗೆ ಇಲ್ಲಿನ ಜಮೀನು ಹೋಯಿತು. 1677ರಲ್ಲಿ ಮೊಮ್ಮಗ ಮೇರಿಲ್ಯಾಂಡ್‌ನಲ್ಲಿ 44 ಎಕರೆ ಕೊಂಡು ಅದಕ್ಕೆ ಅಂಗೋಲಾ ಎಂದು ಹೆಸರಿಟ್ಟ.

ತಾರೀಖು ಓದುವಾಗ ಹುಷಾರು. 1752ಕ್ಕೆ ಮುಂಚೆ ಇಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕೇಸರ್ ತೀರ್ಪು ಮಾರ್ಚ್ 8ರದ್ದು. ಅದನ್ನು 1654/5 ಎಂದು ಬರೆಯುವುದು ಇದಕ್ಕೇ.

ಕೋರ್ಟಿನ ದಾಖಲೆ ಕೋಣೆಯಲ್ಲಿ ನಾನು ಕೂತಿದ್ದ ಮೇಜಿನಲ್ಲೇ ವಯಸ್ಸಾದ ಕಪ್ಪುವರ್ಣದ ಒಬ್ಬರು ಉಯಿಲಿನ ಪುಸ್ತಕ ಹರಡಿಕೊಂಡು ಕೂತಿದ್ದರು. "ನಿಮ್ಮ ಮನೆತನದವರ ಉಯಿಲಾ?" ಎಂದು ಕೇಳಿದೆ.

"ನಮ್ಮವರಿಗೆ ಉಯಿಲು ಬರೆಯೋಕೆ ಏನಿತ್ತು? ನಮ್ಮವರನ್ನೇ ಉಯಿಲಲ್ಲಿ ಬರೆದುಕೊಡುತ್ತಿದ್ದರು" ಎಂದರು.

ಗುಲಾಮರಾಗಿದ್ದವರೆಲ್ಲರ ಹೆಸರು ಜನಗಣತಿಯಲ್ಲಿ ಮೊದಲು ಬಂದಿದ್ದು 1870ರಲ್ಲಿ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಬಣ್ಣ, ಗಂಡೋ ಹೆಣ್ಣೋ ಅನ್ನುವುದು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಮಾಲೀಕರ ವಂಶವನ್ನೇ ಹುಡುಕಬೇಕು. ಆ ಹಿರಿಯರ ಬೆರಳು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕಿಂತ ಮುಂಚಿನ ಒಂದು ಉಯಿಲಿನ ಮೇಲಿತ್ತು. ಒಬ್ಬ ಅಪ್ಪ ಮಗಳಿಗೆ ಗರಿಯ ಹಾಸಿಗೆ, ಕಬ್ಬಿಣದ ಪಾತ್ರೆ, ಎರಡು ಹಸು ಕೊಟ್ಟಿದ್ದಾನೆ. ಅದರ ಮುಂದೆಯೇ ಒಬ್ಬ ಹುಡುಗಿಯ ಹೆಸರು. ಮನೆತನದ ಹೆಸರಿಲ್ಲ.

"ಇವಳೇ ನಮ್ಮಜ್ಜಿಯ ಮೂಲ ಇರಬೇಕು ಅಂತ ನನ್ನ ಅಂದಾಜು."

"ಸಿಟ್ಟು ಬರಲ್ವಾ?"

"ಬರುತ್ತೆ. ಆದರೂ ಆ ಮಗಳು ಯಾರನ್ನ ಮದುವೆಯಾದಳು ಅಂತ ಹುಡುಕಲೇಬೇಕು. ಅವಳು ಯಾವ ಕೌಂಟಿಗೆ ಹೋದಳೋ ನಮ್ಮ ಹುಡುಗಿಯೂ ಅಲ್ಲಿಗೆ. ಸತ್ತವರ ಆಸ್ತಿಪಟ್ಟಿ ಸಿಕ್ಕರೆ ಇನ್ನೂ ಅನುಕೂಲ. ಅದರಲ್ಲಿ ಹೆಸರಿನ ಮುಂದೆ ಬೆಲೆಯೂ ಇರುತ್ತೆ."

ಆಂಟನಿ ಜಾನ್ಸನ್‌ನ ಕಥೆ ನನಗೆ ಇಷ್ಟು ಸಲೀಸಾಗಿ ಸಿಕ್ಕಿದ್ದು ಅವನಿಗೆ ಜಮೀನಿತ್ತು ಅಂತ. ಇವರು ಮಾತ್ರ ಪರರ ಮನೆಯ ಹೆಣ್ಣುಮಕ್ಕಳ ಮದುವೆ ಲೆಕ್ಕ ಹಾಕುತ್ತಾ ಕೂರಬೇಕು.

ಅಷ್ಟು ಹೊತ್ತಿಗೆ ಊಟಕ್ಕೆ ಕರೆಯಲು ಭಾವ ಒಳಗೆ ಬಂದರು. ಐದು ನಿಮಿಷ ಕೇಳಿಸಿಕೊಂಡವರೇ ಕುರ್ಚಿ ಎಳೆದುಕೊಂಡು, ಮದುವೆ ರಿಜಿಸ್ಟರಿನ ಸೂಚಿಯನ್ನು ಅವರಿಗೆ ಓದಿ ಹೇಳತೊಡಗಿದರು. ನಾನೊಬ್ಬನೇ ಹೋಗಿ ಉಂಡು, ಅವರಿಬ್ಬರಿಗೂ ಪೊಟ್ಟಣ ಕಟ್ಟಿಸಿಕೊಂಡು ಬಂದೆ.