ಮನೆಯಲ್ಲೇ ಪಿಕಪ್‌ಗೆ ಹೊಸ ಶಾಕ್ ಹಾಕಿದ ದಿನ

ಬ್ರೇಕ್ ಒತ್ತಿದರೆ ಪಿಕಪ್‌ನ ಮೂತಿ ನೆಲಕ್ಕೆ ಬಾಗುತ್ತಿತ್ತು. ಹಂಪ್ ದಾಟಿದ ಮೇಲೂ ಮುಂಭಾಗ ಮತ್ತೆ ಮತ್ತೆ ಏರಿ ಇಳಿದು ಆಮೇಲೆ ಸುಮ್ಮನಾಗುತ್ತಿತ್ತು. ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆ ಶಾಕ್‌ನ, ಅಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ನ, ಮೈಮೇಲೆ ಎಣ್ಣೆ ಇಳಿದಿತ್ತು. ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಪಟ್ಟೆ ಕಟ್ಟಿತ್ತು. ಒಳಗಿನ ಎಣ್ಣೆ ಹೀಗೆ ಹೊರಗೆ ಬಂತು ಅಂದರೆ ಆ ಶಾಕ್‌ನ ಆಯಸ್ಸು ಮುಗಿಯಿತು ಅಂತಲೇ. ಹೇಗೂ ಬಿಚ್ಚಲೇಬೇಕು, ಕಂಪನಿ ಕೊಟ್ಟಿದ್ದನ್ನೇ ಮತ್ತೆ ಹಾಕುವ ಬದಲು ಸ್ವಲ್ಪ ಎತ್ತರ ಕೊಡುವ, ಕೆಟ್ಟ ದಾರಿಗೆ ತಡೆಯುವ ಆಫ್ಟರ್‌ಮಾರ್ಕೆಟ್ (ಬೇರೆ ಕಂಪನಿ ಮಾಡಿದ) ಸೆಟ್ ಹಾಕೋಣ ಅಂತ ನಾನೂ ನನ್ನ ತಮ್ಮನೂ ತೀರ್ಮಾನ ಮಾಡಿದೆವು. ಅದೂ ಮನೆಯಲ್ಲೇ, ನಮ್ಮ ಕೈಯಿಂದಲೇ.

ಈಗಿನ ಹೆಚ್ಚಿನ ಪಿಕಪ್‌ಗಳಲ್ಲಿ, ಟೊಯೊಟಾ ಹೈಲಕ್ಸ್ ಆಗಲಿ, ಇಸುಜು ಡಿ-ಮ್ಯಾಕ್ಸ್ ಆಗಲಿ, ಮುಂದೆ ಡಬಲ್ ವಿಶ್‌ಬೋನ್ ಇರುತ್ತದೆ. ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ನಡುವೆ ಚಕ್ರವನ್ನು ಹಿಡಿಯುವ ನಕಲ್. ಶಾಕ್‌ನ ಸುತ್ತ ಸ್ಪ್ರಿಂಗ್ ಕೂತಿರುತ್ತದೆ. ಆ ಜೋಡಿ ಕೆಳಗಿನ ಆರ್ಮ್‌ಗೂ ಚಾಸಿಗೂ (ಗಾಡಿಯ ಕಬ್ಬಿಣದ ಚೌಕಟ್ಟಿಗೂ) ನಡುವೆ ನಿಂತು ಗಾಡಿಯ ಭಾರ ಹೊರುತ್ತದೆ. ಇದನ್ನೇ ಕಾಯಿಲ್‌ಓವರ್ ಅನ್ನುವುದು. ಶಾಕ್ ಕೂರುವುದು ಆರ್ಮ್‌ನ ತುದಿಯಲ್ಲಲ್ಲ, ಸುಮಾರು ನಡುವಿನಲ್ಲಿ. ಹಾಗಾಗಿ ಶಾಕ್ 1 ಸೆಂ.ಮೀ. ಉದ್ದವಾದರೆ ಚಕ್ರದ ಹತ್ತಿರ ಅದು ಹೆಚ್ಚು ಕಡಿಮೆ 2 ಸೆಂ.ಮೀ. ಆಗುತ್ತದೆ. ಎತ್ತರದ ಲೆಕ್ಕ ಹಾಕುವಾಗ ಇದು ತಲೆಯಲ್ಲಿ ಇರಲೇಬೇಕು.

ಎಷ್ಟು ಎತ್ತರಿಸಬೇಕು ಅನ್ನುವುದೇ ನಮ್ಮಿಬ್ಬರ ನಡುವೆ ಜಾಸ್ತಿ ಚರ್ಚೆಯಾದ ವಿಷಯ. ತಮ್ಮನಿಗೆ 4 ಇಂಚಿನ ಆಸೆ. ನಾನು 2 ಇಂಚಿನ ಹತ್ತಿರ ನಿಲ್ಲಿಸೋಣ ಅಂದೆ. ಎತ್ತರ ಹೆಚ್ಚಿದಷ್ಟೂ ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ, ಬಾಗುವ ಕೀಲು) ಓರೆಯಾಗಿ ತಿರುಗಬೇಕಾಗುತ್ತದೆ. ಮೇಲಿನ ಬಾಲ್ ಜಾಯಿಂಟ್ (ಮೇಲಿನ ಆರ್ಮನ್ನು ನಕಲ್‌ಗೆ ಸೇರಿಸುವ ಗುಂಡು ಕೀಲು) ತನ್ನ ಮಿತಿಯ ಅಂಚಿಗೆ ಹೋಗುತ್ತದೆ. ಇನ್ನೊಂದು ಮಾತೂ ಇದೆ. ಖಾಲಿ ಪಿಕಪ್‌ನ ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಎತ್ತರ ಇರುವುದು ಬೇಕಂತಲೇ, ಲೋಡ್ ಹಾಕಿದಾಗ ಸಮ ಆಗಲಿ ಅಂತ. ಮುಂದೆ ಮಾತ್ರ ವಿಪರೀತ ಎತ್ತಿಬಿಟ್ಟರೆ ಲೋಡ್ ಬಿದ್ದ ದಿನ ಗಾಡಿ ಆಕಾಶ ನೋಡುತ್ತದೆ. ಕೊನೆಗೆ ತಮ್ಮನೂ ಒಪ್ಪಿದ.

ಹಳೆ ಶಾಕ್‌ನ ತಲೆಯ ಮೇಲೆ ಲೋಹದ ಬಿಲ್ಲೆ ಇಟ್ಟು ಕಡಿಮೆ ಖರ್ಚಲ್ಲಿ ಎತ್ತರಿಸುವ ದಾರಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಶಾಕ್ ಹಳೆಯದೇ, ಅದರ ಓಟವೂ (ಅದು ಚಾಚಿ ಕುಗ್ಗುವ ಅಂತರ) ಹಳೆಯದೇ. ಅದನ್ನು ಕೆಳಗೆ ತಳ್ಳಿದಂತಾಗುತ್ತದೆ ಅಷ್ಟೇ. ಚಕ್ರ ಪೂರ್ತಿ ಜೋತಾಗ ಬಾಲ್ ಜಾಯಿಂಟ್ ಇನ್ನೂ ಕೆಳಗೆ ಎಳೆಯುತ್ತದೆ, ಗುಂಡಿಗೆ ಬಿದ್ದಾಗ ಶಾಕ್ ಒಳಗೇ ತಳ ಮುಟ್ಟುವ ಅಪಾಯವೂ ಇರುತ್ತದೆ. ನಾವು ತರಿಸಿದ್ದು ಸ್ಪ್ರಿಂಗ್ ಕೂರಿಸಿ, ಜೋಡಿಸಿಯೇ ಬರುವ ಮೋನೋಟ್ಯೂಬ್ ಸೆಟ್. ಇದರಲ್ಲಿ ಎಣ್ಣೆಗೂ ಒತ್ತಡದ ನೈಟ್ರೋಜನ್‌ಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಕೆಟ್ಟ ದಾರಿಯಲ್ಲಿ ಶಾಕ್ ಬಿಸಿಯಾದರೂ ಗ್ಯಾಸ್ ಎಣ್ಣೆಯೊಳಗೆ ಬೆರೆತು ನೊರೆಯಾಗುವುದಿಲ್ಲ. ಜೋಡಿಸಿದ ಸೆಟ್ ತರಿಸಲು ಇನ್ನೂ ದೊಡ್ಡ ಕಾರಣ ಭಯ. ಕಾಯಿಲ್‌ಓವರ್‌ನ ನಡುವಿನ ನಟ್ ಒಂದೇ ಆ ಒತ್ತಿ ಹಿಡಿದ ಸ್ಪ್ರಿಂಗನ್ನು ತಡೆದಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದನ್ನು ಬಿಚ್ಚಿದರೆ ಕೈಯಷ್ಟೇ ಅಲ್ಲ, ಪ್ರಾಣವೇ ಹೋಗಬಹುದು. "ಈ ನಡುವಿನ ನಟ್ ಮುಟ್ಟಬೇಡ, ಸುತ್ತಲಿನ ಮೂರು ಮಾತ್ರ" ಅಂತ ತಮ್ಮನಿಗೆ ಮೊದಲೇ ತೋರಿಸಿಟ್ಟೆ.

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆವು. ಬೆಳಿಗ್ಗೆ ಮೊದಲು ಮಾಡಿದ್ದು ಅಳತೆ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟೆ. ನೆಲದಿಂದ ಅಳೆದರೆ ಟೈರ್ ಗಾಳಿ ಹೆಚ್ಚು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಹಬ್‌ನಿಂದ ಅಳೆದರೆ ಆ ರಗಳೆ ಇಲ್ಲ.

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿ ಹಾಕಿದೆವು. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಂಡೆವು. ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್‌ಗಳನ್ನು ಚಾಸಿಯ ಕೆಳಗೇ ಇಟ್ಟೆವು. ಆರ್ಮ್ ಕೆಳಗೆ ಇಡುವ ಹಾಗಿಲ್ಲ, ಈ ಕೆಲಸಕ್ಕೆ ಆರ್ಮ್‌ಗಳು ಜೋತು ಬೀಳಬೇಕು. ಸ್ಟ್ಯಾಂಡ್ ಮೇಲೆ ಕೂತ ಗಾಡಿಯನ್ನು ಇಬ್ಬರೂ ಸೇರಿ ಬಲವಾಗಿ ಅಲ್ಲಾಡಿಸಿದೆವು. ಅಲ್ಲಾಡಿಸಿದಾಗ ಬೀಳದ ಗಾಡಿಯ ಹತ್ತಿರ ಮಾತ್ರ ನಾನು ಕೈ ಹಾಕುವುದು. ಎರಡೂ ಚಕ್ರ ಬಿಚ್ಚಿದರೂ ಕೆಲಸ ಒಂದೇ ಕಡೆ ಶುರು ಮಾಡಿದೆವು. ಇನ್ನೊಂದು ಕಡೆ ಹಾಗೇ ಇದ್ದರೆ ಯಾವ ಬ್ರಾಕೆಟ್ ಹೇಗೆ ಕೂತಿತ್ತು ಅಂತ ನೋಡಿಕೊಳ್ಳಬಹುದಲ್ವಾ.

ಮೊದಲು ಎಬಿಎಸ್ ವೈರ್ ಮತ್ತು ಬ್ರೇಕ್ ಹೋಸ್‌ನ ಬ್ರಾಕೆಟ್ ಬಿಡಿಸಿದೆವು. ಆಮೇಲೆ ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ಗಾಡಿ ವಾಲದಂತೆ ಎರಡೂ ಕಡೆಯನ್ನು ಜೋಡಿಸುವ ಕಂಬಿ) ಲಿಂಕ್ ರಾಡ್‌ಗಳು. ಇವನ್ನು ಮಾತ್ರ ಎರಡೂ ಕಡೆ ಬಿಚ್ಚಿದೆವು. ಎರಡೂ ಕಡೆ ಕಟ್ಟಿಕೊಂಡೇ ಇದ್ದರೆ ಆ ಬಾರ್ ತಿರುಚಿಕೊಂಡು ನೀವು ಒತ್ತುತ್ತಿರುವ ಆರ್ಮನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಎಷ್ಟು ತೂಗಿದರೂ ಕೆಳಗೆ ಬರುವುದಿಲ್ಲ.

ಮೇಲಿನ ಬಾಲ್ ಜಾಯಿಂಟ್ ಬಿಡಿಸಿದ್ದು ನನಗೆ ತುಂಬಾ ಇಷ್ಟವಾದ ಭಾಗ. ಸ್ಪ್ಲಿಟ್ ಪಿನ್ ತೆಗೆದು, ನಟ್ ಅನ್ನು ಕೆಲವು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟೆ. ಜಾಯಿಂಟ್‌ನ ಕಡ್ಡಿ ನಕಲ್‌ನೊಳಗೆ ಟೇಪರ್ ಆಗಿ (ತುದಿಗೆ ಸಣ್ಣಗಾಗುತ್ತಾ) ಕಚ್ಚಿಕೊಂಡಿರುತ್ತದೆ, ಎಳೆದರೆ ಬರುವುದಿಲ್ಲ. ಫೋರ್ಕ್ ತೂರಿಸಿ ಮೀಟಿದರೆ ರಬ್ಬರ್ ಬೂಟ್ ಹರಿಯುತ್ತದೆ. ಸುತ್ತಿಗೆಯಿಂದ ನಕಲ್‌ನ ಆ ದಪ್ಪ ಕಿವಿಯ ಪಕ್ಕಕ್ಕೆ ಹೊಡೆಯಬೇಕು, ಕಡ್ಡಿಗೆ ಅಲ್ಲ. ತಮ್ಮ ಒಂದಷ್ಟು ಏಟು ಹಾಕಿ "ಅಣ್ಣ, ಇದು ಬರೋ ಹಾಗೆ ಕಾಣ್ತಿಲ್ಲ" ಅಂದ. ಇನ್ನೊಂದು ಸರಿಯಾದ ಏಟು ಬಿತ್ತು ನೋಡಿ, ಠಪ್ ಅಂತ ಬಿಟ್ಟುಕೊಂಡಿತು. ಉಳಿಸಿದ್ದ ನಟ್ ಆರ್ಮನ್ನು ಹಿಡಿದುಕೊಂಡಿತು. ನಕಲ್ ಹೊರಗೆ ವಾಲದ ಹಾಗೆ ಹಗ್ಗದಿಂದ ಚಾಸಿಗೆ ಕಟ್ಟಿ, ಆಮೇಲೆ ನಟ್ ತೆಗೆದೆವು. ಅದು ಹೊರಗೆ ಬಿದ್ದರೆ ಬ್ರೇಕ್ ಹೋಸ್ ಎಳೆಯುತ್ತದೆ, ಆಕ್ಸಲ್‌ನ ಜಾಯಿಂಟ್ ಒಳಗೇ ಕಳಚಿಕೊಳ್ಳಬಹುದು.

ಶಾಕ್ ಅನ್ನು ಕೆಳಗಿನ ಆರ್ಮ್‌ಗೆ ಹಿಡಿಸುವ ಉದ್ದ ಬೋಲ್ಟ್ ಬುಷ್‌ನೊಳಗೆ (ಕೀಲಿನಲ್ಲಿ ಕೂರುವ ರಬ್ಬರ್ ತುಂಡು) ತುಕ್ಕು ಹಿಡಿದು ಕೂತಿತ್ತು. ಅದಕ್ಕೆ ಸ್ವಲ್ಪ ಹೊತ್ತು ಹೋಯಿತು. ಮೇಲಿನ ಮೂರು ನಟ್ ಬಿಚ್ಚಿದ ಮೇಲೆ ತಮ್ಮ ಕೆಳಗಿನ ಆರ್ಮನ್ನು ಸಲಾಕೆಯಿಂದ ಒತ್ತಿ ಹಿಡಿದ, ನಾನು ಹಳೆ ಜೋಡಿಯನ್ನು ಹೊರಗೆ ಎಳೆದೆ.

ಹೊಸದನ್ನು ಕೂರಿಸುವುದು ಬಿಚ್ಚುವುದಕ್ಕಿಂತ ಸಲೀಸು. ಮೇಲಿನ ಮೂರೂ ನಟ್ ಕೈಯಲ್ಲೇ ಹಿಡಿಸಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ತೂತು ಸರಿ ಹೊಂದಿಸಿ ಬೋಲ್ಟ್ ತೂರಿಸಿದೆವು. ಮೇಲಿನ ಆರ್ಮ್‌ಗಳನ್ನೂ ಬದಲಾಯಿಸಿದೆವು. ಹೊಸ ಎತ್ತರದಲ್ಲೂ ಬಾಲ್ ಜಾಯಿಂಟ್ ಆರಾಮಾಗಿ ಆಡುವಂತೆ, ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಮತ್ತೆ ಸಿಗುವಂತೆ ಮಾಡಿದ ಆರ್ಮ್‌ಗಳು ಅವು. ಬಾಲ್ ಜಾಯಿಂಟ್ ನಟ್ ಬಿಗಿ ಮಾಡಿದಾಗ ಪಿನ್‌ನ ತೂತು ಎದುರಾಗದಿದ್ದರೆ ಇನ್ನೂ ಸ್ವಲ್ಪ ಬಿಗಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು.

ಇಲ್ಲೇ ಒಂದು ಮಾತು ಒತ್ತಿ ಹೇಳಬೇಕು. ಈ ಕೆಲಸದಲ್ಲಿ ತಾಕತ್ತಿಗಿಂತ ದೊಡ್ಡದು ಯಾವ ಬೋಲ್ಟನ್ನು ಯಾವ ಸ್ಥಿತಿಯಲ್ಲಿ ಬಿಗಿ ಮಾಡುತ್ತೀರಿ ಅನ್ನುವುದು. ನಮ್ಮ ಹೊಸ ಆರ್ಮ್‌ಗಳಲ್ಲೂ ಶಾಕ್‌ನ ಕೆಳಗಿನ ಕಣ್ಣಿನಲ್ಲೂ ರಬ್ಬರ್ ಬುಷ್ ಇದ್ದವು. ಇಂಥ ಬುಷ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದಾಗ ಆ ಕೊಳವೆ ಅಲ್ಲೇ ಲಾಕ್ ಆಗುತ್ತದೆ. ಅಲ್ಲಿಂದ ಮುಂದೆ ಆರ್ಮ್ ಏರಿದಾಗ ಇಳಿದಾಗ ರಬ್ಬರ್ ತಿರುಚುತ್ತದೆ, ಕೊಳವೆ ತಿರುಗುವುದಿಲ್ಲ. ಚಕ್ರ ಗಾಳಿಯಲ್ಲಿ ಜೋತಾಡುವಾಗಲೇ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ಗಳಿಗೆಯಿಂದ ರಬ್ಬರ್ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಹಾಗಾಗಿ ಬುಷ್ ಇರುವ ಬೋಲ್ಟ್‌ಗಳನ್ನು ಸುಮ್ನೆ ಹಿಡಿಸಿ ಬಿಟ್ಟು, ಚಕ್ರ ಹಾಕಿ, ಗಾಡಿ ಇಳಿಸಿದೆವು.

ಇಳಿಸಿದ ಕೂಡಲೇ ಮೂತಿ ಸಿಕ್ಕಾಪಟ್ಟೆ ಎತ್ತರ ಕಂಡಿತು. ತಮ್ಮ ಗಾಬರಿಯಾದ. ಅದು ನಿಜವಾದ ಎತ್ತರ ಅಲ್ಲ. ಜೋತು ಬಿದ್ದಾಗ ಚಕ್ರಗಳು ಒಳಗೆ ಸರಿದಿರುತ್ತವೆ. ಇಳಿಸಿದಾಗ ಟೈರ್ ನೆಲ ಕಚ್ಚಿ ಹೊರಗೆ ಜಾರಲು ಬಿಡುವುದಿಲ್ಲ. ನಿಧಾನವಾಗಿ ಮುಂದೆ ಹಿಂದೆ ಕೆಲವು ಮೀಟರ್ ಓಡಿಸಿದಾಗ ಗಾಡಿ ತನ್ನ ಜಾಗಕ್ಕೆ ಬಂದು ಕೂತಿತು. ಆಮೇಲೆ ಅಳೆದರೆ ಎಡಗಡೆ 48 ಮಿ.ಮೀ., ಬಲಗಡೆ 46 ಮಿ.ಮೀ. ಹೆಚ್ಚಾಗಿತ್ತು. ಬೇಕಾಗಿದ್ದು ಇಷ್ಟೇ. ಭಾರ ಚಕ್ರದ ಮೇಲೆ ಇರುವಾಗಲೇ ಕೈ ಒಳಗೆ ತೂರಿಸಿ, ಉದ್ದ ಎಕ್ಸ್‌ಟೆನ್ಷನ್ ಹಾಕಿ, ಟಾರ್ಕ್ ರೆಂಚ್‌ನಿಂದ (ಬಿಗಿಸುವ ಬಲ ಅಳೆಯುವ ಪಾನಾ) ಒಂದೊಂದನ್ನೂ ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಬಿಗಿ ಮಾಡಿದೆವು. ಥ್ರೆಡ್‌ಗೆ ಎಣ್ಣೆ ಉಳಿದಿದ್ದರೆ ಅದೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಎಳೆದುಬಿಡುತ್ತದೆ. ಅದಕ್ಕೇ ಮರುಬಳಸಿದ ಬೋಲ್ಟ್‌ಗಳನ್ನೆಲ್ಲ ಮೊದಲೇ ಒರೆಸಿಟ್ಟಿದ್ದೆ. ಬಿಗಿಯಾದ ಪ್ರತಿ ನಟ್ ಮೇಲೂ ತಮ್ಮ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದ. ಗೆರೆ ಮುರಿದರೆ ನಟ್ ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಬ್ರೇಕ್ ಹೋಸ್, ಎಬಿಎಸ್ ವೈರ್ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿಕೊಂಡೆವು.

ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಕೋನ) ಬದಲಾಗುತ್ತದೆ. ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಮತ್ತು ಆರ್ಮ್‌ಗಳು ಬೇರೆ ಬೇರೆ ಕಮಾನಿನಲ್ಲಿ ಓಡುವುದರಿಂದ ಇದು ತಪ್ಪದು. ನೇರ ಹೋಗುವಾಗಲೂ ಸ್ಟೀರಿಂಗ್ ಸ್ವಲ್ಪ ಓರೆ ನಿಂತಿತ್ತು. ಮರುದಿನ ನಿಧಾನವಾಗಿ ಓಡಿಸಿಕೊಂಡು ಹೋಗಿ ಅಲೈನ್‌ಮೆಂಟ್ ಮಾಡಿಸಿದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ), ಕ್ಯಾಸ್ಟರ್, ಟೋ ಮೂರೂ ಮಿತಿಯೊಳಗೆ ಬಂದವು. ಇದನ್ನು ಮುಂದೂಡಿದರೆ ಟೈರ್ ಅಂಚು ಸವೆದು ಹೋಗುತ್ತದೆ. ಸಂಜೆ ಹೆಡ್‌ಲೈಟ್‌ಗಳನ್ನೂ ಕೆಳಗೆ ಇಳಿಸಿದೆವು. ಮೂತಿ ಎದ್ದಿದ್ದರಿಂದ ಬೆಳಕು ಎದುರು ಬರುವವರ ಕಣ್ಣಿಗೇ ಹೊಡೆಯುತ್ತಿತ್ತು. ಇದನ್ನು ಎಷ್ಟೋ ಜನ ಮರೆಯುತ್ತಾರೆ, ಮರೆಯಬಾರದು.

ಈಗ ಹಂಪ್ ದಾಟಿದರೆ ಮೂತಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಜೋರಾಗಿ ಬ್ರೇಕ್ ಹಾಕಿದರೂ ಮುಂಭಾಗ ಮುಗ್ಗರಿಸುವುದಿಲ್ಲ. ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಮತ್ತೆ ಕೆಳಗೆ ತೂರಿ ಎಲ್ಲ ಗೆರೆಗಳನ್ನೂ ನೋಡಿದೆವು. ಎಡಗಡೆ ಲಿಂಕ್ ರಾಡ್‌ನ ಗೆರೆ ಮಾತ್ರ ಕೂದಲೆಳೆಯಷ್ಟು ಸರಿದಿತ್ತು. ಅದಕ್ಕೆ ಹೊಸ ಲಾಕ್ ನಟ್ ಹಾಕಿ ಮತ್ತೆ ಟಾರ್ಕ್ ಮಾಡಿದೆವು. ಹಿಂದಿನ ಲೀಫ್ ಸ್ಪ್ರಿಂಗ್‌ಗಳ ಅಳತೆಯನ್ನೂ ಆವತ್ತೇ ತೆಗೆದುಕೊಂಡೆವು, ತಮ್ಮ ಆಗಲೇ ಅವುಗಳ ಶಾಕ್ ಹುಡುಕಲು ಶುರು ಮಾಡಿದ್ದಾನೆ.