ಮೂರು ವರ್ಷ ಹಣ್ಣು ಬಿಡದ ವಿಂಟರ್‌ಬೆರ್ರಿ

ಹೋಲಿ ಅಂದರೆ ಕ್ರಿಸ್‌ಮಸ್ ಕಾರ್ಡಿನಲ್ಲಿರುವ ಮುಳ್ಳೆಲೆಯ ಹಸಿರು ಗಿಡವೇ ನೆನಪಾಗುತ್ತದೆ, ಅಲ್ವಾ? ವಿಂಟರ್‌ಬೆರ್ರಿಯೂ ಅದೇ ಕುಲದ್ದು. ಆದರೆ ಇದು ಚಳಿಗಾಲಕ್ಕೆ ಎಲೆಯೆಲ್ಲ ಉದುರಿಸಿ, ಬರೀ ಕಡ್ಡಿಗಳ ಮೇಲೆ ಕೆಂಪು ಹಣ್ಣು ಹೊತ್ತು ನಿಲ್ಲುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ ಜೌಗು ನೆಲದ್ದೇ ಗಿಡ. ನಮ್ಮ ಹಿತ್ತಲಿನ ಒಂದು ಮೂಲೆಯಲ್ಲಿ ನೀರು ನಿಂತು, ಏನು ನೆಟ್ಟರೂ ಬೇರು ಕೊಳೆಯುತ್ತಿತ್ತು. ಅಲ್ಲಿಗೆ ಇದೇ ಸರಿ ಅಂತ 'ರೆಡ್ ಸ್ಪ್ರೈಟ್' ತಳಿ ತಂದು ನೆಟ್ಟೆ.

ಗಿಡ ಚೆನ್ನಾಗಿ ಬಂತು. ಹೂವೂ ಬಂತು. ಹಣ್ಣು ಮಾತ್ರ ಇಲ್ಲ.

ಪರಂಗಿಯ ಹಾಗೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಅಂತ ನನಗೆ ಗೊತ್ತಿತ್ತು, ಅದಕ್ಕೇ ಜೊತೆಯಲ್ಲಿ 'ಸದರ್ನ್ ಜೆಂಟಲ್‌ಮನ್' ಅನ್ನುವ ಗಂಡನ್ನೂ ತಂದಿದ್ದೆ, ಯಾವ ಗಂಡಾದರೂ ನಡೆಯುತ್ತೆ ಅಂತ ನರ್ಸರಿಯಲ್ಲಿ ಹೇಳಿದ್ದನ್ನು ನಂಬಿಕೊಂಡು. ನಡೆಯಲ್ಲ. ರೆಡ್ ಸ್ಪ್ರೈಟ್ ಬೇಗ ಹೂ ಬಿಡುತ್ತದೆ, ಜೆಂಟಲ್‌ಮನ್ ನಿಧಾನ. ಇವಳ ಹೂ ಉದುರಿದ ಮೇಲೆ ಇವನು ಅರಳುತ್ತಿದ್ದ. ಇದು ಅರ್ಥವಾಗೋಕೆ ನನಗೆ ಮೂರು ವರ್ಷ ಬೇಕಾಯಿತು! ಬೇಗ ಹೂ ಬಿಡುವ 'ಜಿಮ್ ಡ್ಯಾಂಡಿ' ತಂದು, ಸುಮಾರು 20 ಅಡಿ ದೂರದಲ್ಲಿ ನೆಟ್ಟೆ. 50 ಅಡಿಯೊಳಗಿದ್ದರೆ ಸಾಕು, ಉಳಿದದ್ದು ಜೇನುನೊಣಗಳ ಕೆಲಸ. ಹೂ ಎಷ್ಟು ಸಣ್ಣದು ಅಂದರೆ ನಾವು ಗಮನಿಸುವುದೇ ಇಲ್ಲ, ಆದರೆ ಜೂನಿನಲ್ಲಿ ಗಿಡದ ಹತ್ತಿರ ಹೋದರೆ ಗುಂಯ್ ಅನ್ನುತ್ತಿರುತ್ತದೆ.

ಆ ವರ್ಷ ಕಡ್ಡಿ ಕಾಣದಷ್ಟು ಹಣ್ಣು.

ಹಕ್ಕಿಗಳು ಮುಟ್ಟಲೇ ಇಲ್ಲ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಈ ಹಣ್ಣಿನಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಮೊದಲು ಡಾಗ್‌ವುಡ್‌ನಂಥ ಜಿಡ್ಡಿನ ಹಣ್ಣುಗಳೆಲ್ಲ ಖಾಲಿಯಾಗಬೇಕು, ಆಮೇಲೆ ಇದರ ಸರದಿ. ಬೇರೇನೂ ಸಿಗದ ಕಾಲಕ್ಕೆ ಉಳಿದಿರುತ್ತದಲ್ಲ, ಅದೇ ಇದರ ಬೆಲೆ. ಹೂದಾನಿಗೆ ಅಂತ ಕಡ್ಡಿ ಕತ್ತರಿಸುವವರಿದ್ದಾರೆ, ನನಗೆ ಮನಸ್ಸು ಬರಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ, ಹಿಮ ಬಿದ್ದ ಮಾರನೇ ದಿನ, ಸೀಡರ್ ವ್ಯಾಕ್ಸ್‌ವಿಂಗ್‌ಗಳ ಒಂದು ದಂಡೇ ಬಂತು. ಹಿಂದೆಯೇ ರಾಬಿನ್‌ಗಳು. ನಾನು ಕಾಫಿ ಹಿಡಿದು ಕಿಟಕಿಯಲ್ಲೇ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಗಿಡ ಬೋಳು.

ನೆಡುವವರಿಗೆ ಎರಡು ಮಾತು. ಮಣ್ಣು ಸ್ವಲ್ಪ ಹುಳಿ ಇರಬೇಕು, ಸುಣ್ಣದ ನೆಲದಲ್ಲಿ ಎಲೆ ಹಳದಿಯಾಗುತ್ತದೆ. ನೆರಳಲ್ಲೂ ಬದುಕುತ್ತದೆ, ಆದರೆ ಹಣ್ಣು ಜಾಸ್ತಿ ಬೇಕಿದ್ದರೆ ಬಿಸಿಲು ಬೇಕು. ಹಾಂ, ಹಣ್ಣು ಹಕ್ಕಿಗಳಿಗೆ ಮಾತ್ರ, ನಮಗೆ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹುಷಾರು.

ಪಾಪ, ಆ ಜೆಂಟಲ್‌ಮನ್ ಇನ್ನೂ ಒಬ್ಬನೇ ನಿಂತಿದ್ದಾನೆ. ಕೀಳೋಕೆ ಮನಸ್ಸಿಲ್ಲ. ತಡವಾಗಿ ಹೂ ಬಿಡುವ 'ವಿಂಟರ್ ರೆಡ್' ಅವನಿಗೆ ಸರಿಜೋಡಿ, ಆದರೆ ಅದು ಎಂಟು ಅಡಿ ಬೆಳೆಯುತ್ತದೆ. ಟೇಪು ಹಿಡಿದು ಅಳೆಯುತ್ತಿದ್ದೇನೆ.