ರಾಣಿಯ ಮುದ್ರೆ ಎಂದು ನಂಬಿದ್ದೆವು

ನಮ್ಮ ಮನೆಯ ಕೋವಿಗೆ ವಿಕ್ಟೋರಿಯಾ ರಾಣಿಯ ಮುದ್ರೆ ಇದೆ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಅಜ್ಜ ಜೋಡಿನಳಿಗೆ ಕೋವಿಯನ್ನು ಗೋಡೆಯಿಂದ ಇಳಿಸಿ, ನಳಿಗೆ ಬೇರೆ ಹಿಡಿ ಬೇರೆ ಮಾಡಿ, ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಆಗ ಮಾತ್ರ ನಳಿಗೆಯ ಅಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕಿರೀಟವೊಂದು ಕಾಣಿಸುತ್ತಿತ್ತು. ಸುತ್ತ ಏನೇನೋ ಅಕ್ಷರ. ರಾಣಿಯೇ ಒತ್ತಿಸಿದ್ದು ಎಂದು ಅಜ್ಜ ಹೇಳಿದರೆ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದೆವು.

ಬರ್ಮಿಂಗ್‌ಹ್ಯಾಮಿಗೆ ಬಂದು ಆರು ವರ್ಷವಾಯಿತು. ಇಲ್ಲಿ ನಮ್ಮಿಂದ ಎರಡು ಮನೆ ಆಚೆ ಇರುವ ಹಿರಿಯರು ಬದುಕಿಡೀ ಕೋವಿಯ ನಳಿಗೆಗಳನ್ನೇ ತಿದ್ದಿದವರು. ಈಗ ನಿವೃತ್ತರು, ಆದರೆ ಅರ ಹಿಡಿದ ಕೈ ಸುಮ್ಮನಿರುವುದಿಲ್ಲ. ಹೋದ ವರ್ಷ ಹರಾಜಿನಲ್ಲಿ ಒಂದು ಹಳೆಯ ಕೋವಿ ಕೊಂಡು ತಂದರು. ಹಿತ್ತಲಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಹರವಿದ್ದಾಗ ನಾನು ಇಣುಕಿದೆ. ಅಕ್ಕಪಕ್ಕ ಎರಡು ನಳಿಗೆ, ಹೊರಗೆ ಕಿವಿ ನಿಮಿರಿಸಿ ನಿಂತ ಎರಡು ಕುದುರೆ, ಎಂದರೆ ಈಡು ಹಾರಿಸಲು ಬಡಿಯುವ ಸುತ್ತಿಗೆಗಳು. ಅಜ್ಜನ ಕೋವಿಯೇ ಎದ್ದು ಬಂದಂತಿತ್ತು. ಇದನ್ನು ನಾವು ಕುದುರೆ ಎನ್ನುತ್ತೇವೆ ಎಂದೆ. ಅವರ ಹಳಬರು ಹುಂಜ ಎನ್ನುತ್ತಿದ್ದರಂತೆ. ಒಬ್ಬೊಬ್ಬರ ಹಟ್ಟಿಯಲ್ಲಿ ಒಂದೊಂದು ಪ್ರಾಣಿ.

ಕುದುರೆ ಹೊರಗಿರುವ ಕೋವಿಗಳ ಕಾಲ ಮುಗಿಯತೊಡಗಿದ್ದೂ ಇದೇ ಊರಿನಲ್ಲಿ. ವೆಸ್ಟ್‌ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ರಚನೆಯಲ್ಲಿ ಕುದುರೆ ಪೆಟ್ಟಿಗೆಯೊಳಗೆ ಅಡಗಿತು. ನಳಿಗೆ ಬಾಗಿಸಿದರೆ ತಾನೇ ಏರುತ್ತಿತ್ತು. ಆದರೆ ದೊರೆ ಐದನೆಯ ಜಾರ್ಜ್ ಮಾತ್ರ ಕೊನೆಯವರೆಗೂ ಕುದುರೆ ಹೊರಗಿರುವ ಕೋವಿಯನ್ನೇ ಹಿಡಿದರು. ಆ ಹಟ ನನಗೆ ಅರ್ಥವಾಗುತ್ತದೆ. ಕುದುರೆ ಏರಿದೆಯೋ ಇಳಿದಿದೆಯೋ ಎಂಬುದು ದೂರದಿಂದಲೇ ಕಾಣುತ್ತದಲ್ಲ.

ಕೋವಿಯ ಮೇಲೆ ಯಾವುದೋ ಸಣ್ಣ ಪೇಟೆಯ ಕಬ್ಬಿಣದ ಅಂಗಡಿಯ ಹೆಸರು ಕೆತ್ತಿತ್ತು. ತಯಾರಾದದ್ದು ಇಲ್ಲಿ, ಹೆಸರು ಮಾರಿದವನದು. ಸ್ಟೀಲ್‌ಹೌಸ್ ಲೇನ್, ಲವ್‌ಡೇ ಸ್ಟ್ರೀಟ್, ಪ್ರೈಸ್ ಸ್ಟ್ರೀಟ್ ಸುತ್ತಲಿನ ಕೋವಿಗೇರಿಯಲ್ಲಿ ನಳಿಗೆ ಮಾಡುವವನು, ಕುದುರೆ ಚಿಮ್ಮಿಸುವ ಯಂತ್ರ ತಿದ್ದುವವನು, ಹಿಡಿ ಕೆತ್ತುವವನು, ಚಿತ್ತಾರ ಕೊರೆಯುವವನು ಎಲ್ಲರೂ ಬೇರೆ ಬೇರೆ. ಕೋವಿ ಒಂದು ಅಂಗಳದಿಂದ ಇನ್ನೊಂದಕ್ಕೆ ಹೊತ್ತು ತಿರುಗುತ್ತಾ ಬೆಳೆಯುತ್ತಿತ್ತು. ಕೆಲಸ ಮಾಡಿದ ಅಷ್ಟು ಜನರಲ್ಲಿ ಒಬ್ಬನ ಹೆಸರೂ ಮೇಲಿಲ್ಲ.

ದುರಸ್ತಿ ಎಂದರೆ ಹೊಸತಾಗಿಸುವುದು ಎಂದುಕೊಂಡಿದ್ದ ನನಗೆ ಅವರ ನಿಧಾನ ಆಶ್ಚರ್ಯ ತಂದಿತು. ಆಕ್ರೋಟ್ ಮರದ ಹಿಡಿಯಲ್ಲಿ ತಗ್ಗುಗಳಿದ್ದವು. ಒದ್ದೆ ಬಟ್ಟೆ ಇಟ್ಟು ಮೇಲೆ ಕಾದ ಇಸ್ತ್ರಿ ತಾಗಿಸಿದರು. ಚುಸ್ ಎಂದು ಹಬೆ ಏಳುತ್ತಿದ್ದಂತೆ ಅದುಮಿ ಹೋಗಿದ್ದ ನಾರು ಉಬ್ಬಿ ತಗ್ಗು ತುಂಬಿಕೊಂಡಿತು. ಆಮೇಲೆ ಅಗಸೆ ಎಣ್ಣೆ. ಅದಕ್ಕೆ ಕೆಂಪು ಬರಲು ಒಂದು ಗಿಡದ ಬೇರನ್ನು ನೆನೆಹಾಕಿದ್ದರು, ಅಂಗೈಯಲ್ಲಿ ಬಿಸಿಯಾಗುವವರೆಗೆ ತಿಕ್ಕುತ್ತಿದ್ದರು. ದಿನಕ್ಕೊಂದು ಹನಿ, ವಾರಗಟ್ಟಲೆ.

ನಳಿಗೆ ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಬೆಸೆದು, ಹಗ್ಗದಂತೆ ಹುರಿಮಾಡಿ, ಸರಳಿನ ಸುತ್ತ ಸುತ್ತಿ ಕಾಯಿಸಿ ಬಡಿದದ್ದು. ಅದರ ಸುರುಳಿ ಕಾಣಬೇಕಾದರೆ ಬೇಕೆಂದೇ ತುಕ್ಕು ಹಿಡಿಸಬೇಕು! ದ್ರಾವಣ ಸವರಿ ತೇವದ ಪೆಟ್ಟಿಗೆಯಲ್ಲಿ ಇಡುತ್ತಾರೆ, ಮಾರನೆಯ ದಿನ ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ, ಮತ್ತೆ ಸವರುತ್ತಾರೆ. ಎಂಟನೆಯದೋ ಒಂಬತ್ತನೆಯದೋ ಸುತ್ತಿನ ಹೊತ್ತಿಗೆ ಕಂದು ಹಿನ್ನೆಲೆಯಲ್ಲಿ ಬಿಳಿಯ ಎಳೆಗಳು ಹೆಬ್ಬೆರಳ ಗೆರೆಗಳಂತೆ ಮೂಡಿದವು. ಮಳೆಗಾಲದ ಮಲೆನಾಡಿನಲ್ಲಿ ಈ ಕೆಲಸಕ್ಕೆ ಪೆಟ್ಟಿಗೆಯೇ ಬೇಕಿರಲಿಲ್ಲ.

ನಳಿಗೆಯೊಳಗೆ ಸಣ್ಣ ಕುಳಿಗಳಿದ್ದವು. ತಿಕ್ಕಿ ತೆಗೆಯಿರಿ ಎಂದೆ. ಒಳಗಿನಿಂದ ತಿಕ್ಕಿದಷ್ಟೂ ಗೋಡೆ ತೆಳುವಾಗುತ್ತದೆ, ಇದ್ದರೆ ಇರಲಿ ಎಂದು ಬಿಟ್ಟರು. ಕೊಳವೆ ಮಿತಿ ಮೀರಿ ಅಗಲವಾದರೆ ಹಳೆಯ ಮುದ್ರೆಗೆ ಬೆಲೆಯಿಲ್ಲ. ಮತ್ತೆ ಪರೀಕ್ಷೆಗೆ ಒಡ್ಡದೆ ಮಾರುವಂತಿಲ್ಲ.

ಮುದ್ರೆಯ ಮಾತು ಬಂದಾಗಲೇ ನಾನು ರಾಣಿಯ ಕಥೆ ಹೇಳಿದ್ದು. ಅವರು ನಗಲಿಲ್ಲ, ನಳಿಗೆ ತಿರುಗಿಸಿ ತೋರಿಸಿದರು. ಅಡ್ಡಲಾದ ಎರಡು ರಾಜದಂಡ, ಮೇಲೊಂದು ಕಿರೀಟ. ಅದು ಬ್ಯಾನ್‌ಬರಿ ಸ್ಟ್ರೀಟಿನ ಪ್ರೂಫ್ ಹೌಸಿನದು. ಪಾರ್ಲಿಮೆಂಟು 1813ರಲ್ಲಿ ಕಾಯ್ದೆ ಮಾಡಿ ಸ್ಥಾಪಿಸಿದ ಪರೀಕ್ಷಾಲಯ ಅದು, ಇಂದಿಗೂ ನಡೆಯುತ್ತಿದೆ. ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಈಡು ಹಾರಿಸುತ್ತಾರೆ. ನಳಿಗೆ ಸಿಡಿಯದೆ, ಉಬ್ಬದೆ ಉಳಿದರೆ ಮುದ್ರೆ, ಇಲ್ಲದಿದ್ದರೆ ಗುಜರಿ. ರಾಣಿಗೆ ಇದರ ಸುದ್ದಿಯೇ ಇರಲಿಕ್ಕಿಲ್ಲ.

ನೂರ ಮೂವತ್ತು ವರ್ಷ ದಾಟಿದರೂ ಇದಕ್ಕೆ ಪುರಾತನ ವಸ್ತುವಿನ ರಿಯಾಯಿತಿ ಇಲ್ಲ. ಇದು ಹನ್ನೆರಡರ ಕೋವಿ, ಎಂದರೆ ಒಂದು ಪೌಂಡು ಸೀಸದಲ್ಲಿ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಎಷ್ಟಾಗುತ್ತದೋ ಅಷ್ಟು ಅಗಲ. ಇದರ ತೋಟಾ ಇಂದಿಗೂ ಅಂಗಡಿಯಲ್ಲಿ ಸಿಗುವುದರಿಂದ ಪೊಲೀಸರ ಪ್ರಮಾಣಪತ್ರ ಬೇಕು, ಬೀಗದ ಉಕ್ಕಿನ ಕಪಾಟು ಬೇಕು.

ಕೊನೆಗೆ ಅವರದನ್ನು ಮರುಪರೀಕ್ಷೆಗೆ ಕೊಟ್ಟರು. ಸಿಡಿದರೆ ಚೂರುಗಳನ್ನೇ ತರಬೇಕು ಎಂದು ಹೇಳುವಾಗ ದನಿ ಸಣ್ಣದಾಗಿತ್ತು. ಸಿಡಿಯಲಿಲ್ಲ. ಹಳೆಯ ಕಿರೀಟದ ಪಕ್ಕ ಹೊಸದೊಂದು ಹೊಳೆಯುತ್ತಾ ವಾಪಸಾಯಿತು. ಆ ದಿನ ಭೂತಗಾಜು ಹಿಡಿದು ನೋಡುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: 'ನಾಟ್ ಫಾರ್ ಬಾಲ್'. ಬಾಯಿಯ ಬಳಿ ಕಿರಿದಾಗುವ ನಳಿಗೆಗೆ 1875ರಿಂದ 1887ರವರೆಗೆ ಹೀಗೆ ಒತ್ತುತ್ತಿದ್ದರಂತೆ. ಸಣ್ಣ ಸೀಸದ ಕಾಳುಗಳ ಚರೆ ಹಾರಿಸಬಹುದು, ಒಂಟಿ ಗುಂಡು ಬೇಡ, ಬಾಯಲ್ಲಿ ಸಿಕ್ಕಿಕೊಂಡೀತು ಎಂದು ಎಚ್ಚರಿಕೆ.

ನನಗೆ ಅಜ್ಜನ ಹಂದಿ ನೆನಪಾಯಿತು. ಬೇಟೆಗೆ ತಡೆಯಿಲ್ಲದ ಕಾಲದಲ್ಲಿ ಅಡಿಕೆ ತೋಟದ ಬೇಲಿ ದಾಟಿದ ಒಂಟಿ ಹಂದಿಯನ್ನು ಒಂದೇ ಗುಂಡಿಗೆ ಕೆಡವಿದ ಕಥೆ ನಮ್ಮ ಮನೆಯಲ್ಲಿ ರಾಮಾಯಣದಷ್ಟೇ ಸಲ ನಡೆದಿದೆ. ಅಪ್ಪನಿಗೆ ಫೋನು ಮಾಡಿ ನಳಿಗೆಯ ಅಡಿಯ ಫೋಟೊ ಕೇಳಿದೆ. ಚುನಾವಣೆಗೆಂದು ಕೋವಿ ಠಾಣೆಯಲ್ಲಿ ಜಮಾ ಆಗಿತ್ತು. ಫಲಿತಾಂಶ ಬಂದು, ರಸೀದಿ ಹುಡುಕಿ, ಬಿಡಿಸಿಕೊಂಡು ಬರುವಷ್ಟರಲ್ಲಿ ತಿಂಗಳಾಯಿತು.

ಫೋಟೊ ಬಂತು. ಕೊಬ್ಬರಿ ಎಣ್ಣೆಯ ಜಿಡ್ಡಿನ ನಡುವೆ ಕಿರೀಟ, ರಾಜದಂಡ, ಕೆಳಗೆ ಸ್ಪಷ್ಟವಾಗಿ ಅದೇ ಮೂರು ಪದ. ಅದರ ಅರ್ಥ ಬರೆದು ಕಳುಹಿಸಿದೆ. ಅಪ್ಪನ ಉತ್ತರ ರಾತ್ರಿ ಬಂತು: "ಅಜ್ಜನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಂದಿಗೂ."